ಕೆನ್ನೆಯ ಮೇಲಿನ ಕಲೆ

ಮಾರ್ಚ್ 14, ಮಂಗಳವಾರ, ಬೆಳಗ್ಗೆ 9.40. ಓಹಾಯೋದ ಕಾರ್ವರ್ ಪಟ್ಟಣದ ಠಾಣೆಗೆ ವರ್ನಾ ಟಿಬೆಟ್ಸ್ ಎಂಬ ವಿಧವೆ ದೂರು ತಂದರು. ಗುಣಮಟ್ಟ ನೋಡಿಸಲು ನಾಣ್ಯ ಪರೀಕ್ಷಕರಿಗೆ ಕೊಟ್ಟಿದ್ದ 1885ರ ಬೆಳ್ಳಿ ಡಾಲರ್ ಬದಲಾಗಿ ಬಂದಿತ್ತು. ನಾಣ್ಯದ ಎರಡೂ ಮಗ್ಗುಲಿನದು ಗಂಡ ತೆಗೆದಿಟ್ಟಿದ್ದ ಫೋಟೋಗಳಲ್ಲಿ, ಹಿಂಬದಿಯ ಹದ್ದಿನ ರೆಕ್ಕೆಯ ಕೆಳಗೆ ಸಾಸಿವೆಯಷ್ಟು ಪೆಟ್ಟು ಕಾಣುತ್ತದೆ, ಕೈಯಲ್ಲಿರುವ ನಾಣ್ಯದಲ್ಲಿ ಅದಿಲ್ಲ.

"ಮದುವೆ ದಿನ ನಮ್ಮತ್ತೆ ಕೊಟ್ಟಿದ್ದು. ಶನಿವಾರ ಮೊಮ್ಮಗಳ ಮದುವೆ, ಅವಳಿಗೆ ಅದೇ ಡಾಲರ್ ಕೊಡ್ಬೇಕು ನಾನು."

ಆರೋಪಿಯ ಹೆಸರು ಬರೆಯುವಾಗ ಡಿಟೆಕ್ಟಿವ್ ನೊರೀನ್ ಸ್ಟುಪಾಕ್‌ಳ ಕೈ ತಡೆಯಿತು. ವೆಂಡೆಲ್ ಸ್ಟ್ರೌಸ್ ನಲವತ್ತು ವರ್ಷದಿಂದ ಹಳೆ ನಾಣ್ಯಗಳಿಗೆ ಎಪ್ಪತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತಿದ್ದವರು. ಚಿಕ್ಕಂದಿನಲ್ಲಿ ಅವಳಿಗೆ ನಾಣ್ಯ ಹಿಡಿಯಲು ಕಲಿಸಿದವರೂ ಅವರೇ. ಅಂಚು ಮಾತ್ರ ಹಿಡಿಯಬೇಕು, ಮುಖಕ್ಕೆ ಬೆರಳು ತಾಗಿದರೆ ಬೈಗುಳ ಗ್ಯಾರಂಟಿ.

11.15ಕ್ಕೆ ಅವಳು ಭೂತಕನ್ನಡಿ ಹಿಡಿದು ಕೂತಳು. ನಾಣ್ಯದ ಜೊತೆ ಬಂದ ಚೀಟಿಯಲ್ಲಿ ಸ್ಟ್ರೌಸ್ ಅರವತ್ನಾಲ್ಕು ಅಂಕ ಕೊಟ್ಟು 'ಕೆನ್ನೆ ಸ್ವಚ್ಛ' ಎಂದು ಬರೆದಿದ್ದರು. ಆದರೆ ನಾಣ್ಯದ ಮುಖದಲ್ಲಿದ್ದ ಸ್ವಾತಂತ್ರ್ಯದೇವಿಯ ಕೆನ್ನೆಯ ಮೇಲೆ ಉದ್ದಕ್ಕೂ ಗೀರು. ಇದೂ ಅದೇ ವರ್ಷದ, ಅದೇ ಟಂಕಸಾಲೆಯ ಡಾಲರ್, ಬದಲಿಸಿದವರಿಗೆ ಚಿಕ್ಕಾಸಿನ ಲಾಭವಿಲ್ಲ. ನೊರೀನ್‌ಗೆ ಬೇರೆಯೇ ಅನುಮಾನ ಹುಟ್ಟಿತು, ಅದು ಸುಳ್ಳಾಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

ಮಧ್ಯಾಹ್ನ 2.20ಕ್ಕೆ ಶೋಧನಾ ವಾರಂಟ್ ಹಿಡಿದು, ಪೇದೆ ಡ್ವೈಟ್ ಏಮ್ಸ್ ಜೊತೆ ಅಂಗಡಿಗೆ ಹೋದಳು. ವಾರಂಟ್ ಓದಿ ಹೇಳಿದ ಮೇಲೆ ಜೇಬಿನಿಂದ ಒಂದು ಡಾಲರ್ ತೆಗೆದು ಕೊಟ್ಟಳು.

"ಇದಕ್ಕೆ ಎಷ್ಟು ಕೊಡ್ತೀರಿ, ಮೇಷ್ಟ್ರೇ?"

ಸ್ಟ್ರೌಸ್ ಅಂಚು ಹಿಡಿದು ದೀಪದಡಿ ಎರಡೂ ಮಗ್ಗುಲು ತಿರುಗಿಸಿದರು.

"ಅರವತ್ಮೂರು. ಯಾರೋ ಜೋಪಾನವಾಗಿ ಇಟ್ಟಿದ್ದಾರೆ."

ಡ್ವೈಟ್ ನಗಲು ಹೋಗಿ ಸುಮ್ಮನಾದ. ಅದು ಪ್ರವಾಸಿಗರಿಗೆ ಮಾರುವ ಆಟಿಕೆ. ಹದ್ದಿನ ಕೆಳಗೆ 'ನಕಲು' ಎಂದು ದಪ್ಪಕ್ಷರದಲ್ಲಿ ಒತ್ತಿತ್ತು. ಬೆರಳಾಡಿಸಿದ್ದರೆ ತಿಳಿದುಬಿಡುತ್ತಿತ್ತು, ಆದರೆ ಆ ಬೆರಳುಗಳು ಅಂಚು ಬಿಟ್ಟು ಕದಲಲಿಲ್ಲ.

"ಮೇಷ್ಟ್ರೇ, ಅದರ ಮೇಲೆ ನಕಲು ಅಂತ ಬರ್ದಿದೆ."

"ಎಲ್ಲಿ?" ಎಂದರು ಅವರು, ನಾಣ್ಯವನ್ನು ಕಣ್ಣಿನ ಹತ್ತಿರ ತಂದು.

ಆಮೇಲೆ ತಾವೇ ಮೇಜಿನ ಖಾನೆ ಎಳೆದರು. 2.50ರ ಮಹಜರಿನಲ್ಲಿ ದಾಖಲಾದದ್ದು: ಬೆಳ್ಳಿ ಡಾಲರ್ ಒಂದು, ರೆಕ್ಕೆಯ ಕೆಳಗೆ ಪೆಟ್ಟಿದೆ, ಹೊಳಪು ಪೂರ್ತಿ ಸತ್ತಿದೆ.

"ಕೆನ್ನೆ ಮೇಲೆ ಕಪ್ಪು ಕಲೆ ಇತ್ತು. ಆಸಿಡ್‌ನಲ್ಲಿ ಅದ್ದಿದೆ, ಹೋಗ್ಲಿಲ್ಲ. ಮತ್ತೆ ಅದ್ದಿದೆ. ನಾಲ್ಕು ಸಲ," ಎಂದರು ಸ್ಟ್ರೌಸ್.

ವರ್ನಾರ ಫೋಟೋಗಳಲ್ಲಿ ಆ ಕೆನ್ನೆಗೆ ಯಾವ ಕಲೆಯೂ ಇರಲಿಲ್ಲ. ಆರು ತಿಂಗಳಿಂದ ಏನು ನೋಡಿದರೂ ನಡುಮಧ್ಯೆ ಆ ಕಪ್ಪು ಇರುತ್ತಿತ್ತೆಂದು, ಕೆನ್ನೆಯ ಕಲೆಯೂ ನಾಣ್ಯದ್ದಲ್ಲ, ತಮ್ಮ ಕಣ್ಣಿನದೆಂದು ನಾಲ್ಕನೇ ಸಲ ಅದ್ದಿದ ಮೇಲೆ ಹೊಳೆಯಿತೆಂದು ಸ್ಟ್ರೌಸ್ ಒಪ್ಪಿಕೊಂಡರು. ಕುರುಡನ ಹತ್ತಿರ ಯಾರು ನಾಣ್ಯ ತರುತ್ತಾರೆಂದು ಹೆದರಿ ತಮ್ಮದೇ ಡಾಲರ್ ಬದಲಿಗಿಟ್ಟಿದ್ದರು. 3.10ಕ್ಕೆ ನೊರೀನ್ ಅವರನ್ನು ಬಂಧಿಸಿದಳು, ಕೈಕೋಳ ಹಾಕಲಿಲ್ಲ. ಮೆಟ್ಟಿಲಿಳಿಯುವಾಗ ತೋಳು ಹಿಡಿದುಕೊಂಡಳು.

ಸಂಜೆ ವರ್ನಾಗೆ ಫೋನ್ ಮಾಡಿ, ಡಾಲರ್ ಸಿಕ್ಕಿದೆ, ಆದರೆ ಸಾಕ್ಷ್ಯವಾದ್ದರಿಂದ ಶನಿವಾರಕ್ಕೆ ಕೊಡಲಾಗದು, ಹೊಳಪೂ ಉಳಿದಿಲ್ಲ ಎಂದಳು. ಕಾರಣವನ್ನೂ ಹೇಳಿದಳು.

"ಕಣ್ಣು ಕಾಣಲ್ಲ ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲಮ್ಮ," ಎಂದರು ವರ್ನಾ. "ಅಂಕ ಹಾಕಿಸ್ದೇನೇ ಮೊಮ್ಮಗಳಿಗೆ ಕೊಡ್ತಿದ್ದೆ."