ಬಲಚಕ್ರದ ಹಳದಿ ಗೆರೆ

ಇಪ್ಪತ್ತೇಳನೆಯ ತಾರೀಖು ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಠಾಣೆಗೆ ಬಂದ ಹೆಂಗಸು ದೂರು ಬರೆದುಕೊಂಡು ಬಂದಿರಲಿಲ್ಲ. ಅವಳ ಕೈಯಲ್ಲಿ ಹಳೆಯ ಪಂಚನಾಮೆಯ ನಕಲು ಇತ್ತು. ಎರಡನೆಯ ಪುಟದ ಒಂದು ಸಾಲಿನ ಕೆಳಗೆ ಪೆನ್ಸಿಲಿನ ಗೀಟು: ‘ಚಾಲಕನು ನಿದ್ದೆಗೆ ಜಾರಿ ವಾಹನದ ಹತೋಟಿ ಕಳೆದುಕೊಂಡಿರುವುದಾಗಿ ಕಂಡುಬರುತ್ತದೆ.’

ಆ ಸಾಲನ್ನು ಬರೆದವರು ಇನ್ಸ್‌ಪೆಕ್ಟರೇ. ನಲವತ್ತೊಂದು ದಿನಗಳ ಹಿಂದೆ, ಬೆಳಿಗ್ಗೆ ಏಳು ಹತ್ತಕ್ಕೆ, ಕಾಲುವೆ ಪಕ್ಕದ ನೇರ ರಸ್ತೆಯಲ್ಲಿ ಒಂದು ಕಾರು ಎಡಕ್ಕೆ ಇಳಿದು ಕಲ್ಲುಗೋಡೆಗೆ ಬಡಿದಿತ್ತು. ಒಳಗಿದ್ದವನು ಲಿಫ್ಟ್ ರಿಪೇರಿ ಮಾಡುವವನು, ಈಕೆಯ ಗಂಡ. ಎದುರಿನಿಂದ ಗಾಡಿ ಬಂದಿರಲಿಲ್ಲ, ಬ್ರೇಕಿನ ಗುರುತು ಇರಲಿಲ್ಲ. ನಿದ್ದೆ ಎಂದು ಬರೆದು ಕಡತ ಮುಚ್ಚಲು ಒಂದು ವಾರವೂ ಬೇಕಾಗಿರಲಿಲ್ಲ.

"ಅವರು ನಿದ್ದೆ ಮಾಡಿದ್ರೋ ಇಲ್ವೋ, ಅದೊಂದು ಸರಿಯಾಗಿ ನೋಡಿ ಹೇಳಿ ಸಾರ್."

"ಈಗ ಯಾಕಮ್ಮ?"

"ಮಗಳಿಗೆ ಒಂಬತ್ತು ವರ್ಷ. ಹಿಂದಿನ ರಾತ್ರಿ ಅವಳಿಗೆ ಜ್ವರ ಏರಿತ್ತು. ಅವರಪ್ಪ ಬೆಳಗಿನ ತನಕ ಹಣೆಗೆ ಒದ್ದೆ ಬಟ್ಟೆ ಹಾಕ್ತಾ ಕೂತಿದ್ರು. ಈ ಕಾಗದದಲ್ಲಿ ಏನಿದೆ ಅಂತ ಯಾರೋ ಅವಳಿಗೆ ಓದಿ ಹೇಳಿದಾರೆ. ಅವತ್ತಿಂದ ಮಲಗ್ತಿಲ್ಲ. ಗೋಡೆಗೆ ಒರಗಿ ಕೂತಿರ್ತಾಳೆ. ನಾನು ಸುಮ್ನೆ ಮಲಗಿದ್ರೆ ಅಪ್ಪಂಗೂ ನಿದ್ದೆ ಸಿಕ್ತಿತ್ತು ಅಂತಾಳೆ."

ಇನ್ಸ್‌ಪೆಕ್ಟರ್ ಆ ನಕಲನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಗಾಡಿ ಬಗ್ಗೆ ಏನಾದ್ರೂ ಹೇಳಿದ್ರಾ ಅವರು?"

"ಎಡಕ್ಕೆ ಎಳೀತಿದೆ ಅಂತಿದ್ರು. ಪಕ್ಕದಲ್ಲಿ ಯಾರೋ ಕೂತು ಸ್ಟಿಯರಿಂಗ್ ಜಗ್ಗಿದ ಹಾಗಿದೆ ಅಂತ. ಹೋದ ತಿಂಗಳು ಹನ್ನೆರಡನೇ ತಾರೀಖು ಹಿಂದಿನ ಚಕ್ರಗಳ ಸಸ್ಪೆನ್ಷನ್‌ಗೆ ಹೊಸ ರಬ್ಬರ್ ಬುಶ್ ಹಾಕಿಸಿದ ಮೇಲೆ ಶುರುವಾಯ್ತು. ದಿನಾ ಜಾಸ್ತಿ ಆಗ್ತಿತ್ತು."

"ಯಾವ ಗ್ಯಾರೇಜು?"

"ನನ್ನ ತಮ್ಮಂದೇ. ಮಾರನೇ ದಿನ ತೋರಿಸಿದ್ರು, ಅವನು ಮುಂದಿನ ಚಕ್ರ ಅಲೈನ್‌ಮೆಂಟ್ ಮಾಡಿಕೊಟ್ಟ. ಅವನ ಕೈಯಲ್ಲಿ ತಪ್ಪಾಗಲ್ಲ ಸಾರ್. ನಿಮ್ಮ ಜೀಪೂ ಅವನೇ ಅಲ್ವಾ ನೋಡೋದು."

ಅದು ನಿಜವಾಗಿತ್ತು. ಆ ಊರಿನಲ್ಲಿ ಎಲ್ಲರೂ ಅವನನ್ನು ‘ಮೇಸ್ತ್ರಿ’ ಎನ್ನುತ್ತಿದ್ದರು, ವಯಸ್ಸು ಮೂವತ್ತೈದು ದಾಟಿರಲಿಲ್ಲ.

ಹೇಳಿಕೆ ದಾಖಲಿಸಿದವರು ಹೆಡ್ ಕಾನ್ಸ್‌ಟೇಬಲ್. ಯಾರು ಕೆಮ್ಮಿದರೂ ಸಮಯದ ಸಮೇತ ಬರೆದಿಡುವ ಚಾಳಿಯಿಂದ ಠಾಣೆಯಲ್ಲಿ ಅವರಿಗೆ ‘ಟಿಪ್ಪಣಿ’ ಎಂದೇ ಹೆಸರು ಬಿದ್ದಿತ್ತು. ಹೆಚ್ಚಿನ ತನಿಖೆಗೆ ಅನುಮತಿ ಕೋರಿ ಪತ್ರ ಹೋಯಿತು. ಮರುದಿನ ಅನುಮತಿ ಬಂತು. ಹಳೆಯ ಎಫ್ಐಆರ್, ಫೋಟೋಗಳು, ಮರಣೋತ್ತರ ವರದಿ ಮೇಜಿನ ಮೇಲೆ ಹರಡಿಕೊಂಡವು.

ನಾಲ್ಕನೆಯ ಫೋಟೋದಲ್ಲಿ ರಸ್ತೆಯಂಚಿನ ಹಸಿ ಮಣ್ಣು ಕಾಣುತ್ತಿತ್ತು. ಟೈರು ಅಲ್ಲಿ ಉರುಳಿರಲಿಲ್ಲ, ಅಡ್ಡಡ್ಡ ಕೆರೆದಿತ್ತು. ಕಾರು ಎಡಕ್ಕೆ ಹೋಗುತ್ತಿರುವಾಗ ಮುಂದಿನ ಚಕ್ರಗಳು ಬಲಕ್ಕೆ ತಿರುಗಿದ್ದವು. ನಿದ್ದೆ ಹೋದವನು ಸ್ಟಿಯರಿಂಗ್ ತಿರುಗಿಸುವುದಿಲ್ಲ. ಮರಣೋತ್ತರ ವರದಿಯ ಕೊನೆಯಲ್ಲಿ, ಎರಡೂ ಹೆಬ್ಬೆರಳುಗಳ ಬುಡದಲ್ಲಿ ಹೊಸ ಬೊಬ್ಬೆಗಳು ಎಂದಿತ್ತು; ದಿನಗಟ್ಟಲೆ ಸ್ಟಿಯರಿಂಗನ್ನು ಬಲಕ್ಕೆ ಜಗ್ಗಿ ಹಿಡಿದ ಗುರುತು. ಕೆಲಸ ಮಾಡುವ ಕೈ, ಇದ್ದೇ ಇರುತ್ತದೆ ಎಂದು ಇನ್ಸ್‌ಪೆಕ್ಟರ್ ಅಂದು ಪುಟ ಮಗುಚಿದ್ದರು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುವ ಮಾತಿದೆ. ಇವರು ಹುಡುಕುವ ಗೋಜಿಗೂ ಹೋಗಿರಲಿಲ್ಲ, ಮತ್ತು ಅದಕ್ಕಾಗಿ ಅವರಿಗೆ ಈಗ ನಾಚಿಕೆಯಾಯಿತು.

ಜಪ್ತಿಯಾದ ಕಾರು ಠಾಣೆಯ ಹಿಂದಿನ ಮೂಲೆಯಲ್ಲಿತ್ತು. ಆ ಕಡೆ ಯಾರೂ ಹೆಚ್ಚು ಹೋಗುತ್ತಿರಲಿಲ್ಲ. ಒಡೆದ ಗಾಜಿನೊಳಗೆ ಲಿಫ್ಟಿನವನ ಊಟದ ಚೀಲ ಹಾಗೇ ನೇತಾಡುತ್ತಿತ್ತು.

ಇಪ್ಪತ್ತೊಂಬತ್ತರಂದು ಬೆಳಿಗ್ಗೆ ಹನ್ನೊಂದಕ್ಕೆ ಬಸ್ ಡಿಪೋದ ಫೋರ್‌ಮನ್ ಬಂದಳು. ಹೆಸರಿಗೆ ಫೋರ್‌ಮನ್, ಆಳು ಐವತ್ತರ ಹೆಂಗಸು. ಇಬ್ಬರು ಪಂಚರ ಎದುರು ಕಾರಿನ ಎರಡೂ ಪಕ್ಕ ಅದರ ಮೈಗೆ ಸಮಾನಾಂತರವಾಗಿ ದಾರ ಕಟ್ಟಿಸಿ, ಹಿಂದಿನ ಚಕ್ರಗಳಿಂದ ದಾರಕ್ಕೆ ಅಳತೆ ಹಿಡಿದಳು. ಎಡಚಕ್ರ ನೆಟ್ಟಗಿತ್ತು. ಬಲಚಕ್ರದ ಮುಂಭಾಗ ಹೆಬ್ಬೆರಳಿನಷ್ಟು ಹೊರಗೆ ತಿರುಗಿತ್ತು.

"ಇದೇ ನೋಡಿ ಎಳೀತಿದ್ದಿದ್ದು," ಎಂದಳು. "ಹಿಂದಿನ ಬಲಚಕ್ರ ಹೊರಗೆ ಮುಖ ಮಾಡಿದ್ರೆ ಗಾಡಿ ಹಿಂಭಾಗ ಬಲಕ್ಕೆ ಹೋಗತ್ತೆ, ಮೂತಿ ಎಡಕ್ಕೆ ತಿರುಗತ್ತೆ. ಎಲ್ಲರೂ ಮುಂದೆ ಹುಡುಕ್ತಾರೆ. ರೋಗ ಇರೋದು ಹಿಂದೆ."

"ಡಿಕ್ಕಿಯಲ್ಲಿ ತಿರುಗಿರಬಹುದಲ್ಲ?"

"ಹಾಗಿದ್ರೆ ಚಕ್ರ ಹಿಡಿದಿರೋ ಆರ್ಮ್ ಬಗ್ಗಬೇಕಿತ್ತು. ಬಗ್ಗಿಲ್ಲ."

ಅವಳು ಕಾರಿನಡಿ ನುಗ್ಗಿದಳು. ಚಕ್ರದ ದಿಕ್ಕನ್ನು ಹಿಡಿದಿಡುವುದು ಒಂದು ಬೋಲ್ಟು. ಬಲಗಡೆ ಅದರ ವಾಷರ್ ಸುತ್ತ ಲೋಹ ಉಜ್ಜಿ ಮಿರಮಿರ ಹೊಳೆಯುತ್ತಿತ್ತು. ದಿನಗಟ್ಟಲೆ ಸಡಿಲವಾಗಿ ಆಡಿದ ಗುರುತು ಅದು. ಆದರೆ ನಟ್ಟು ಈಗ ಗಟ್ಟಿಯಾಗಿತ್ತು, ನಟ್ಟು ಬೋಲ್ಟುಗಳ ಮೇಲೆ ಹಳದಿ ಬಣ್ಣದ ಗೆರೆಯೂ ಇತ್ತು.

"ಈ ಗೆರೆ ಏನು?"

"ಬುಶ್ ಹಾಕಿದಾಗ ಗಾಡಿ ಮೇಲಿದ್ದಾಗಲೇ ಪೂರ್ತಿ ಬಿಗಿ ಮಾಡಬಾರದು, ರಬ್ಬರ್ ತಿರುಚಿಕೊಳ್ಳತ್ತೆ. ಕೈಯಲ್ಲಿ ತಿರುಗಿಸಿ ಬಿಟ್ಟು, ಗಾಡಿ ನೆಲಕ್ಕಿಳಿಸಿ, ಭಾರ ಬಿದ್ದ ಮೇಲೆ ಕೊನೇ ಬಿಗಿ. ಆಮೇಲೆ ಗೆರೆ. ಒಳ್ಳೆ ಕೆಲಸಗಾರರು ಹಾಗೆ ಮಾಡ್ತಾರೆ." ಅವಳು ಟಾರ್ಚನ್ನು ಎಡಗಡೆಗೆ ಹಿಡಿದಳು, ಮತ್ತೆ ಬಲಕ್ಕೆ. "ಇಲ್ಲಿ ಬನ್ನಿ ಸಾರ್. ಬಗ್ಗಿ ನೋಡಿ."

ಇನ್ಸ್‌ಪೆಕ್ಟರ್ ಮಂಡಿಯೂರಿ ಬಗ್ಗಿದರು. ಎಡಗಡೆ, ಅಪಘಾತದ ದಿನ ಸಿಡಿದ ಕಾಲುವೆಯಂಚಿನ ಕೆಂಪು ಕೆಸರು ಒಣಗಿ ಹಳದಿ ಗೆರೆಯ ಮೇಲೆ ಅಂಟಿತ್ತು. ಬಲಗಡೆ ಹಳದಿ ಗೆರೆಯನ್ನು ಆ ಕೆಸರಿನ ಮೇಲೆ ಎಳೆಯಲಾಗಿತ್ತು.

ಕಾರು ಗೋಡೆಗೆ ಬಡಿದ ಮೇಲೆ ಯಾರೋ ಬಂದು ಆ ನಟ್ಟನ್ನು ಬಿಗಿ ಮಾಡಿದ್ದರು.

ಟಿಪ್ಪಣಿ ಗೇಟಿನ ರಿಜಿಸ್ಟರ್ ತಂದರು. ಅಪಘಾತದ ಮರುದಿನ, ಹದಿನೇಳರಂದು, ವಾಹನ ಪರೀಕ್ಷಕರು ಬಂದಿದ್ದು ಹತ್ತೂವರೆಗೆ. ಅವರ ಪಟ್ಟಿಯಲ್ಲಿ ಬ್ರೇಕು, ಸ್ಟಿಯರಿಂಗು, ದೀಪಕ್ಕೆ ಕಾಲಂ ಇತ್ತು, ಹಿಂದಿನ ಬೋಲ್ಟಿಗೆ ಇರಲಿಲ್ಲ. ಕಾರನ್ನು ಜಾಕ್ ಏರಿಸಿ ಕೊಡಲು ಠಾಣೆಯೇ ಒಬ್ಬರನ್ನು ಕರೆಸಿತ್ತು. ಅವರು ಬಂದ ಸಮಯ ಒಂಬತ್ತು ಹತ್ತು. ಹೆಸರಿನ ಜಾಗದಲ್ಲಿ ಟಿಪ್ಪಣಿಯವರ ಗುಂಡಕ್ಷರ: ಮೇಸ್ತ್ರಿ.

"ಆವತ್ತಿಂದ ಜೀಪ್ ಸರ್ವಿಸಿಗೆ ಬಂದಾಗೆಲ್ಲ ಆ ಮೂಲೆಗೆ ಬೆನ್ನು ಹಾಕಿ ನಿಲ್ತಾನೆ ಸಾರ್," ಎಂದರು ಟಿಪ್ಪಣಿ. "ಪಾಪ, ಭಾವನ ದುಃಖ ಅಂದ್ಕೊಂಡಿದ್ದೆ. ಬರೆದೂ ಇಟ್ಟಿದೀನಿ."

ಮಧ್ಯಾಹ್ನ ಎರಡು ಗಂಟೆಗೆ ಇಬ್ಬರೂ ಮೇಸ್ತ್ರಿಯ ಗ್ಯಾರೇಜಿಗೆ ಹೋದರು. ಸ್ಪ್ಯಾನರುಗಳು ಅಳತೆವಾರು ಗೋಡೆಯಲ್ಲಿ ತೂಗುತ್ತಿದ್ದವು. ಒಂದು ಮೊಳೆ ಖಾಲಿ.

"ಆ ಸ್ಪ್ಯಾನರ್ ಎಲ್ಲಿ?"

"ಕಳೆದೋಯ್ತು ಸಾರ್."

"ಹಳದಿ ಬಣ್ಣ ಯಾವಾಗ ಬಳೀತೀರಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಮೇಸ್ತ್ರಿಯ ಹೆಬ್ಬೆರಳು ತಾನಾಗಿ ಪ್ಯಾಂಟಿಗೆ ಉಜ್ಜಿಕೊಂಡಿತು. ಬಳಿಕ ಅವನು ಸ್ಟೂಲಿನ ಮೇಲೆ ಕೂತ. ಅವನ ಮುಖದಲ್ಲಿ ಒಂದು ಬಗೆಯ ಬಿಡುಗಡೆ ಇದ್ದುದನ್ನು ಇನ್ಸ್‌ಪೆಕ್ಟರ್ ಗಮನಿಸಿದರು.

"ಬಲಗಡೆ ಕೊನೇ ಬಿಗಿ ಮಾಡಿರಲಿಲ್ಲ," ಎಂದ. "ಕಾರು ಆಗಷ್ಟೇ ಇಳಿಸಿದ್ದೆ. ಎಡಗಡೆ ಮುಗಿದಿತ್ತು. ಅಕ್ಕ ಫೋನ್ ಮಾಡಿದಳು, ಮಗೂಗೆ ಜ್ವರ, ಬೇಗ ಬಾ ಅಂತ. ಸ್ಪ್ಯಾನರ್ ಬಿಸಾಕಿ ಓಡಿದೆ. ಆಸ್ಪತ್ರೆಗೆ ಕರ್ಕೊಂಡು ಹೋಗಿ ಬಂದೆ. ಸಂಜೆ ಭಾವ ಕಾರು ತಗೊಂಡು ಹೋದ್ರು."

"ಮಾರನೇ ದಿನ ಅವರು ಬಂದು ಎಳೀತಿದೆ ಅಂದಾಗ?"

"ಮುಂದೆ ನೋಡಿದೆ."

"ಹಿಂದೆ ಯಾಕೆ ನೋಡ್ಲಿಲ್ಲ?"

"ಹಿಂದಿನ ಕೆಲಸ ಮಾಡಿದ್ದು ನಾನಲ್ವಾ ಸಾರ್. ನಾನು ಮಾಡಿದ್ದನ್ನ ನಾನೇ ಮತ್ತೆ ನೋಡೋದಾ ಅನ್ನಿಸ್ತು."

ಇನ್ಸ್‌ಪೆಕ್ಟರಿಗೆ ಆ ಮಾತು ಎಲ್ಲೋ ತಾಗಿತು. ನಾಲ್ಕನೆಯ ಫೋಟೋ ಕಣ್ಣ ಮುಂದೆ ಬಂತು.

"ಹದಿನೇಳಕ್ಕೆ ಜಾಕ್ ಏರಿಸಿದಾಗ ಕಣ್ಣಿಗೆ ಬಿತ್ತು," ಎಂದು ಅವನು ಮುಂದುವರಿಸಿದ. "ಕೈಯೇ ಬಿಗಿ ಮಾಡಿ ಗೆರೆ ಎಳೆದುಬಿಡ್ತು. ಆ ಸ್ಪ್ಯಾನರ್ ಕಾಲುವೆಗೆ ಹಾಕಿದೆ. ಆಮೇಲೆ ಹೇಳೋಣ ಅಂದ್ಕೊಂಡೆ. ಹೇಳಿದ್ರೆ ಯಾಕೆ ಮರೆತೆ ಅಂತ ಕೇಳ್ತಾರೆ. ಜ್ವರ ಅನ್ನಬೇಕು. ಮಗು ಈಗಾಗಲೇ ‘ನನ್ನಿಂದ ಅಪ್ಪ ಹೋದ್ರು’ ಅಂತ ಕೂತಿದಾಳೆ. ಅದನ್ನ ನಿಜ ಮಾಡಿಕೊಡ್ಲಾ? ದಯವಿಟ್ಟು ಜ್ವರದ ವಿಷಯ ಬರೀಬೇಡಿ."

"ಜ್ವರ ಕಾರಣ ಅಲ್ಲ ಮೇಸ್ತ್ರಿ. ಮಾರನೇ ದಿನ ಬಗ್ಗಿ ನೋಡಿದ್ರೆ ಆಗ್ತಿತ್ತು."

"ಅದು ನಿಮಗೆ ಗೊತ್ತು, ನನಗೆ ಗೊತ್ತು. ಒಂಬತ್ತು ವರ್ಷದವಳಿಗೆ?"

ಮೂರು ನಲವತ್ತಕ್ಕೆ ಬಂಧನ. ನಿರ್ಲಕ್ಷ್ಯದಿಂದ ಸಾವು, ಸಾಕ್ಷ್ಯನಾಶ. ಅವನು ಬಾಗಿಲು ಹಾಕಿ, ಬೀಗ ಎರಡು ಸಲ ಎಳೆದು ನೋಡಿ, ಜೀಪು ಹತ್ತಿದ.

ಐದೂವರೆಗೆ ಇನ್ಸ್‌ಪೆಕ್ಟರ್, ಟಿಪ್ಪಣಿ ಇಬ್ಬರೂ ಆ ಮನೆಗೆ ಹೋದರು. ಹುಡುಗಿ ಗೋಡೆಗೆ ಒರಗಿ ಕೂತಿದ್ದಳು, ಕಣ್ಣ ಸುತ್ತ ಕಪ್ಪು. ಇನ್ಸ್‌ಪೆಕ್ಟರ್ ಅವಳೆದುರು ನೆಲದ ಮೇಲೆ ಕೂತು, ನಡೆದದ್ದನ್ನು ಚಿಕ್ಕದಾಗಿ ಹೇಳಿದರು.

"ಅಪ್ಪ ಎಚ್ಚರ ಇದ್ರಾ?"

"ಎಚ್ಚರ ಇದ್ರು. ಕೊನೇ ತನಕ ಬಲಕ್ಕೆ ತಿರುಗಿಸ್ತಾನೇ ಇದ್ರು. ನಿದ್ದೆ ಅಂತ ನಾನು ಬರೆದಿದ್ದು ತಪ್ಪು."

ಅವಳು ಯೋಚಿಸಿದಳು. "ಮಾವ ಯಾಕೆ ಬಿಗಿ ಮಾಡ್ಲಿಲ್ಲ?"

ತಾಯಿ ತಟ್ಟನೆ ಮುಖ ಎತ್ತಿದಳು. ಹನ್ನೆರಡರಂದು ಫೋನ್ ಮಾಡಿದವಳು ಅವಳೇ. ಲೆಕ್ಕ ಅವಳಿಗೆ ಆಗಲೇ ಸಿಕ್ಕಿತ್ತು. ಬೇಡ ಎನ್ನುವಂತೆ ಅವಳ ತಲೆ ಸ್ವಲ್ಪವೇ ಅಲ್ಲಾಡಿತು.

"ಮರೆತ್ರು," ಎಂದರು ಇನ್ಸ್‌ಪೆಕ್ಟರ್.

"ಮಾವ ಏನೂ ಮರೆಯಲ್ಲ."

"ಅವತ್ತು ಮರೆತ್ರು ಕಂದಾ."

ಟಿಪ್ಪಣಿ ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡರು. ಮೂವತ್ತು ವರ್ಷದ ನೌಕರಿಯಲ್ಲಿ ಅವರು ಕೇಳಿಯೂ ಬರೆಯದೆ ಬಿಟ್ಟ ಮೊದಲ ಮಾತು ಅದು. ತಾಯಿ ಹೇಳಿಕೆಗೆ ಸಹಿ ಹಾಕಿ ಮುಗಿಸುವಷ್ಟರಲ್ಲಿ ಹುಡುಗಿ ಅವಳ ತೊಡೆಯ ಮೇಲೆ ಒರಗಿ ನಿದ್ದೆ ಹೋಗಿದ್ದಳು, ಬಾಯಿ ಸ್ವಲ್ಪ ತೆರೆದುಕೊಂಡು.

ವಾಪಸು ಹೋಗುವಾಗ ಜೀಪನ್ನು ಇನ್ಸ್‌ಪೆಕ್ಟರೇ ಓಡಿಸಿದರು. ಕಾಲುವೆ ಪಕ್ಕದ ರಸ್ತೆ ನೇರವಾಗಿಯೇ ಇತ್ತು, ಮೇಸ್ತ್ರಿ ಸರ್ವಿಸ್ ಮಾಡಿದ ಜೀಪೂ ನೇರವಾಗಿಯೇ ಹೋಗುತ್ತಿತ್ತು.

"ಸಾರ್," ಎಂದರು ಟಿಪ್ಪಣಿ, "ಸ್ಟಿಯರಿಂಗ್ ಯಾಕೆ ಬಲಕ್ಕೆ ಎಳೀತಿದೀರಿ?"