ಕತ್ತರಿಸಿದ ಮೂರು ಸಾಲು

"ಓ... ಇಲ್ಲಿ ಅಡಗಿದ್ದೀರಾ, ಭಾಷಣಕಾರರೇ?"

ಗಣಿಯ ಗೇಟಿನ ಮುಂದೆ ಅನಸೂಯಳ ದನಿ ಅವಳಿಗೇ ಜೋರೆನಿಸಿತು. ಮಧ್ಯಾಹ್ನದ ಪಾಳಿಗೆ ಹೊರಟಿದ್ದ ಗಂಡಸರೆಲ್ಲ ತಿರುಗಿ ನೋಡಿದರು. ಅವರ ನಡುವೆ, ತಲೆಗೆ ಗಣಿಯ ಟೋಪಿ ಹಾಕಿಕೊಂಡು ನಿಂತಿದ್ದವನು ಆರುಮುಗಂ. ಹೌದು, ಅವನೇ!

ಬೆಂಗಳೂರಿನ ಕಾಲೇಜಿನಲ್ಲಿ ಕನ್ನಡ ಆನರ್ಸ್ ಓದುತ್ತಿದ್ದವನು. ಕಳೆದ ವರ್ಷ ಇಡೀ ವಿಭಾಗಕ್ಕೆ ಮೊದಲು ಬಂದವನು.

"ನೀವಾ... ಇಲ್ಲಿಗ್ಯಾಕ್ ಬಂದ್ರಿ?" ಅವನ ಮುಖ ಬಾಡಿತು.

"ಸ್ಪರ್ಧೆ ದಿನ ಕೈಕೊಟ್ಟು ಮಾಯ ಆಗ್ಬಿಟ್ರಲ್ಲ, ಯಾಕೆ ಅಂತ ಕೇಳೋಕೆ ಬಂದೆ. ನೀವು ಬಂದಿದ್ರೆ ಶೀಲ್ಡು ನಮ್ಮದೇ ಆಗ್ತಿತ್ತು!"

ಅವನು ಸಿಟ್ಟಾಗಲಿಲ್ಲ. ಅದೇ ಅವಳನ್ನು ಇನ್ನಷ್ಟು ಕೆರಳಿಸಿತು.

"ಪಾಳಿಗೆ ಟೈಮಾಯ್ತು. ಎದುರು ಲೈನಲ್ಲಿ ಮೂರನೇ ಮನೆ ನಮ್ದು. ಅಮ್ಮ ಅವ್ಳೆ. ನೀರು ಕುಡ್ದು, ಸಾಯಂಕಾಲದ ಟ್ರೈನಿಗೆ ಬಂಗಾರಪೇಟೆಗೆ ಓಗ್ಬಿಡಿ. ಇನ್ಮೇಲೆ ಬರ್ಬೇಡಿ."

ಹಿಂದಿರುಗಿಯೂ ನೋಡದೆ ಒಳಗೆ ಹೋಗಿಬಿಟ್ಟ.

ಎಂಥ ಮನುಷ್ಯ ಇವನು!

ಅಂತರ ಕಾಲೇಜು ಚರ್ಚಾಸ್ಪರ್ಧೆಗೆ ವಿಭಾಗದಿಂದ ಆರಿಸಿದ್ದು ಇವರಿಬ್ಬರನ್ನೇ. ಒಬ್ಬರು ಪರ, ಒಬ್ಬರು ವಿರೋಧ. ಇಬ್ಬರ ಅಂಕ ಸೇರಿದರೆ ಶೀಲ್ಡು. ಒಂದು ತಿಂಗಳು ಖಾಲಿ ತರಗತಿಯಲ್ಲಿ ಇಬ್ಬರೂ ವಾದ ಮಾಡಿದ್ದೇ ಮಾಡಿದ್ದು. ಬರಬರುತ್ತಾ ಅನಸೂಯ ಆ ಒಂದು ಗಂಟೆಗಾಗಿ ಇಡೀ ದಿನ ಕಾಯುವಂತಾಗಿದ್ದಳು.

"ಮನೇಲಿ ತಮಿಳು, ಪರೀಕ್ಷೇಲಿ ಕನ್ನಡ ಫಸ್ಟು! ಎಂಗ್ರೀ ಇದು?" ಎಂದು ಒಮ್ಮೆ ರೇಗಿಸಿದ್ದಳು.

"ಅಮ್ಮ ಬೈಯೋದು ತಮಿಳಲ್ಲಿ. ಕನ್ನಡದಲ್ಲಿ ನನ್ನ ಇನ್ನೂ ಯಾರೂ ಬೈದಿಲ್ಲ. ಅದಕ್ಕೇ ಇಷ್ಟ" ಎಂದು ನಕ್ಕಿದ್ದ.

ಸ್ಪರ್ಧೆಯ ಹಿಂದಿನ ಸಂಜೆ, "ನಾಳೆ ವೇದಿಕೆ ಮೇಲೆ ತಮಿಳು ನುಸುಳೀತು, ಜೋಕೆ!" ಎಂದಳು. ಅಂದು ಅವನು ನಗಲಿಲ್ಲ.

ಮರುದಿನ ಬರಲೂ ಇಲ್ಲ. ಬಾಗಿಲನ್ನೇ ನೋಡುತ್ತಾ ಅವಳೊಬ್ಬಳೇ ಮಾತಾಡಿದಳು. ಮೊದಲ ಬಹುಮಾನ ಅವಳಿಗೆ ಬಂತು, ಶೀಲ್ಡು ಬೇರೆ ಕಾಲೇಜಿಗೆ ಹೋಯಿತು. ಅವನು ಓದು ಬಿಟ್ಟು ಊರಿನ ಗಣಿಗೆ ಸೇರಿದನೆಂದು ಆಮೇಲೆ ತಿಳಿಯಿತು. ನನ್ನ ಮಾತಿಗೇ ನೊಂದು ಹೋದನೇ? ಎರಡು ತಿಂಗಳು ಸಿಟ್ಟು, ಪಶ್ಚಾತ್ತಾಪ ಎರಡೂ ಅವಳನ್ನು ಹಿಂಡಿದ್ದವು. ದಸರಾ ರಜೆಗೆ ತನ್ನೂರು ಬಂಗಾರಪೇಟೆಗೆ ಬಂದವಳು ಅಪ್ಪ ಅಶ್ವತ್ಥಪ್ಪನಿಗೆ ಸುಳ್ಳು ಹೇಳಿ ಅವನ ಊರು ಉರಿಗಾಂಗೆ ರೈಲು ಹತ್ತಿದ್ದಳು.

ಕಾರ್ಮಿಕರ ಸಾಲುಮನೆಗಳ ಲೈನಿನಲ್ಲಿ, ಮೂರನೇ ಮನೆಯ ಬಾಗಿಲಲ್ಲಿ ಅವನ ತಾಯಿ ಮಾರಿಯಮ್ಮ, ಮಗನ ಕಾಲೇಜಿನವಳೆಂದು ತಿಳಿದು, ಕೈಹಿಡಿದು ಒಳಗೆ ಕರೆದಳು. "ವಾಮ್ಮಾ, ಬಾ... ಕೂತ್ಕೋ ಕಣ್ಣು, ನನ್ ಕಂದ."

ಗೋಡೆಯ ಮೇಲೆ ಹೂವಿನ ಹಾರ ಹಾಕಿದ ಫೋಟೋ.

"ಅವರಪ್ಪ, ಪೆರುಮಾಳ್. ಎರಡು ತಿಂಗಳಾಯ್ತು, ಗಣಿ ಒಳಗೆ ಬಂಡೆ ಸಿಡೀತು. ಅವತ್ತು ಏನೋ ಸ್ಪರ್ಧೆ ಅಂತ ಮಗ ಬೆಳಿಗ್ಗೇನೇ, ದಿನಾ ಓಗಿ ಬರೋ ಬೆಂಗಳೂರು ಟ್ರೈನಿಗೆ ಸ್ಟೇಷನ್‌ನಲ್ಲಿ ನಿಂತಿದ್ದ, ಅಲ್ಲಿಂದ ಕರ್ಕೊಂಬಂದ್ರು. ಅವನು ಕೆಲ್ಸಕ್ಕೆ ಸೇರ್ದಿದ್ರೆ ಈ ಮನೆ ಬಿಡ್ಬೇಕಿತ್ತು. ಅವರಪ್ಪನ ನಂಬರೇ ಕೊಟ್ಟವ್ರೆ, ಮುನ್ನೂರ ಹನ್ನೆರಡು."

ಅನಸೂಯ ಎದ್ದು ಫೋಟೋದ ಹತ್ತಿರ ಹೋದಳು.

ಫೋಟೋದ ಪಕ್ಕದಲ್ಲಿ ಪತ್ರಿಕೆಯ ತುಂಡೊಂದನ್ನು ಅಂಟಿಸಿತ್ತು.

"ಕೆಳಗಿರೋದು ಅವರಪ್ಪಂದು. ಅಷ್ಟೇ ಅಂಟಿಸೋ ಅಂದೆ. ಮೇಲಿಂದೂ ಬೇಕಮ್ಮಾ ಅಂದ. ಡೈಲಿ ನೋಡ್ತಾನೆ. ಮೇಲೆ ಏನ್ ಬರ್ದವ್ರೆ ಕಣ್ಣು? ನಂಗೆ ಓದಕ್ಕೆ ಬರಲ್ಲ."

ಅನಸೂಯ ಓದಿದಳು. ಮೇಲೆ, 'ಚರ್ಚಾಸ್ಪರ್ಧೆ: ಕುಮಾರಿ ಅನಸೂಯಗೆ ಪ್ರಥಮ ಬಹುಮಾನ.' ಅದರ ಕೆಳಗೆ, ಗಣಿಯಲ್ಲಿ ಬಂಡೆ ಸಿಡಿದು ಮೂವರು ಸತ್ತರೆಂದು ಮೂರೇ ಸಾಲು. ಸತ್ತವರ ಹೆಸರೂ ಇರಲಿಲ್ಲ.

ಇದೇ ತುಂಡು ಅವಳ ಪುಸ್ತಕದಲ್ಲೂ ಇದೆ. ಆದರೆ ಅವಳು ತನ್ನ ಸುದ್ದಿ ಮುಗಿಯುವಲ್ಲಿಗೇ ಕತ್ತರಿ ಹಾಕಿದ್ದಳು. ಆ ಮೂರು ಸಾಲನ್ನು ಕಸಕ್ಕೆ ಎಸೆದಿದ್ದಳು!

"ಅದು... ನನ್ನ ಹೆಸರಮ್ಮಾ" ಎಂದು ಬಿಕ್ಕಿದಳು.

ಮಾರಿಯಮ್ಮ ಅವಳ ಮುಖವನ್ನೇ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು.

ಅಷ್ಟರಲ್ಲಿ ನೆಲ ನಡುಗಿತು. ಗೂಡಿನ ಪಾತ್ರೆಗಳು ದಡದಡ ಉರುಳಿದವು.

ಮಾರಿಯಮ್ಮ ಬರಿಗಾಲಲ್ಲೇ ಎದ್ದು ಓಡಿದಳು. ಪಕ್ಕದ ಮನೆಯ ಪಾಪಕ್ಕ ಓಡಿದಳು. ಲೈನಿಗೆ ಲೈನೇ ಗಣಿಯ ಬಾಯಿಯತ್ತ ಓಡಿತು. ತಾನೂ ಓಡುತ್ತಿದ್ದೇನೆಂದು ಅನಸೂಯಳಿಗೆ ತಿಳಿದದ್ದು, ಚಪ್ಪಲಿ ಕಿತ್ತು ಕಾಲಿಗೆ ಕಲ್ಲು ಚುಚ್ಚಿದಾಗ.

ಕೆಳಗಿಳಿಯುವವರು ತಮ್ಮ ನಂಬರ್ ಬಿಲ್ಲೆಯನ್ನು ಜೊತೆಗೆ ಒಯ್ಯುತ್ತಾರೆ. ಮೇಲೆ ಬಂದವರು ಹಲಗೆಯ ಮೊಳೆಗೆ ತಗುಲಿಸುತ್ತಾರೆ. ಹೆಂಗಸರೆಲ್ಲ ಆ ಹಲಗೆಯನ್ನೇ ನೋಡುತ್ತಾ ನಿಂತರು. ಒಂದೊಂದೇ ಬಿಲ್ಲೆ ಬಂತು. ಸಂಜೆಯಾಯಿತು. ಮುನ್ನೂರ ಹನ್ನೆರಡರ ಮೊಳೆ ಖಾಲಿ. ಅದರ ಪಕ್ಕದ್ದೂ ಖಾಲಿ.

ದೇವರೇ... ಶೀಲ್ಡು ಬೇಡ, ಏನೂ ಬೇಡ. ಅವನೊಬ್ಬ ಬರಲಿ.

ಕೊನೆಗೆ ಧೂಳು ಮೆತ್ತಿದ ಕೈಯೊಂದು ಮುನ್ನೂರ ಹನ್ನೆರಡನ್ನು ತಗುಲಿಸಿತು. ಮಾರಿಯಮ್ಮ ಮಗನ ಮುಖ ಸವರಿ, ಅಲ್ಲೇ ಕುಸಿದು ಕೂತಳು. ಪಕ್ಕದ ಮೊಳೆಯ ಬಿಲ್ಲೆ ಬರಲೇ ಇಲ್ಲ. ಪಾಪಕ್ಕ ಎದೆ ಬಡಿದುಕೊಂಡು ಅಳತೊಡಗಿದಳು. ಅವಳ ಗಂಡ ಆರುಮುಗಂನ ಜೊತೆಗೇ ಇಳಿದಿದ್ದ.

ಅನಸೂಯ ಅವನ ಅಂಗಿ ಹಿಡಿದು ಜಗ್ಗಿದಳು. "ಕಲ್ಲುಮನಸ್ಸಿನವನೇ! ಒಂದು ಕಾಗದ ಬರೆಯೋಕೂ ಆಗ್ಲಿಲ್ವಾ?"

"ಉಡುಗೀರ ಆಸ್ಟೆಲಿಗೆ ಬರೆದ್ರೆ ವಾರ್ಡನ್ ಒಡೆದು ಓದ್ತಾರೆ. ನಿಂಗೆ ಕೆಟ್ಟೆಸ್ರು..." ಅವನು ಕೆಮ್ಮಿದ. "ನೀನು ಟ್ರೈನಿಗೆ ಓಗ್ಲಿಲ್ವಾ?"

"ಗೋಡೆ ಮೇಲಿಂದು ಓದ್ದೆ."

ಅವನು ತಲೆ ತಗ್ಗಿಸಿದ.

"ಬ್ಯಾಡ ಅನಸೂಯಾ. ನಿಮ್ಮಪ್ಪ ಒಪ್ಪಲ್ಲ. ಒಪ್ಪಿದ್ರೂ ನೆಲ ಅಲುಗಿದಾಗೆಲ್ಲ ಇಂಗೇ ಓಡಿ ಬರ್ಬೇಕು. ಅಮ್ಮ ಇಪ್ಪತ್ತು ವರ್ಷ ಓಡಿದ್ಳು. ಪಾಪಕ್ಕನ್ನ ನೋಡು."

ಅವಳು ನೋಡಿದಳು. ಭಯವಾಯಿತು. ಆದರೂ ಅಂಗಿ ಬಿಡಲಿಲ್ಲ.

"ಇವತ್ತು ಓಡಿದ್ನಲ್ಲ. ಓದು ಮುಗಿಸ್ಕೊಂಡು ಇಲ್ಲೇ ಸ್ಕೂಲಿಗೆ ಸೇರ್ತೀನಿ. ಅಪ್ಪನಿಗೆ ನಾನೇ ಏಳ್ತೀನಿ."

ಅವನು ಅಂಗಿ ಹಿಡಿದ ಅವಳ ಕೈಯನ್ನೇ ನೋಡಿದ. ಆಮೇಲೆ ತೀರಾ ಮೆಲ್ಲಗೆ ಕೇಳಿದ.

"ಕಾಯ್ತೀಯಾ?"

"ನೀನು ಮೇಲಕ್ಕೆ ಬರ್ತೀಯಾ?"

"ಬತ್ತೀನಿ..."