ಗೆರೆ ನೆಟ್ಟಗಿದ್ದ ಮಾತ್ರೆ

“ಬಾಯಿ ತೆಗಿ! ನೀನೇ ತಿಂದು ನೋಡು!”

ತಾಯಿ ಡಬ್ಬಿಯಿಂದ ಒಂದು ಬಿಳಿ ಮಾತ್ರೆ ತೆಗೆದು ಹಿರಿಯ ಮಗನ ಮುಖಕ್ಕೆ ಹಿಡಿದಳು. ಒಳಕೋಣೆಯಲ್ಲಿ ಯಜಮಾನರು ಬೆನ್ನಿನ ಶಸ್ತ್ರಚಿಕಿತ್ಸೆಯಾಗಿ ಮಲಗಿದ್ದರು. ಹೊತ್ತು ಹೊತ್ತಿಗೆ ನೋವಿನ ಮಾತ್ರೆ ನುಂಗಿದರೂ ಅವರ ನರಳಾಟ ನಿಂತಿರಲಿಲ್ಲ. ಇವತ್ತು ಮಾತ್ರೆ ಗಂಟಲಲ್ಲಿ ಸಿಕ್ಕಿ, ಕೆಮ್ಮಿ ಉಗುಳಿದರೆ, ಅದು ಚೂರೂ ಕರಗಿರಲಿಲ್ಲ... ಮನೆಯಲ್ಲೇ ಯಾರೋ ಅಸಲಿ ಎತ್ತಿ ನಕಲಿ ಇಟ್ಟಿದ್ದಾರೆ!

ಯಾರೋ ಎಂದರೆ ಯಾರು? ತಾಯಿಯ ಅನುಮಾನಕ್ಕೆ ಎರಡನೆಯ ದಾರಿಯೇ ಇರಲಿಲ್ಲ. ಹಿರಿಯವನು ಎತ್ತರದ ಕಟ್ಟಡಗಳ ಹೊರಗೋಡೆಗೆ ಹಗ್ಗದಲ್ಲಿ ನೇತಾಡುತ್ತಾ ಬಣ್ಣ ಬಳಿಯುವವನು, ಬೀದಿಗೆಲ್ಲ ‘ಕೋತಿ’. ಬೇಡ ಎಂದ ಮರವನ್ನೇ ಹತ್ತಿದವನು, ಹರೆಯದಲ್ಲಿ ಗೆಳೆಯರ ಜೊತೆ ಏನನ್ನೋ ಸೇದಿ ಸಿಕ್ಕಿಬಿದ್ದವನು. ಕಿರಿಯವನೋ, ಕಟ್ಟುಹಲ್ಲು ತಯಾರಿಸುವ ಅಂಗಡಿಯಲ್ಲಿ ತಲೆ ಬಗ್ಗಿಸಿ ದುಡಿಯುವ ‘ಸಾಧು’. ಮಾಡಿಕೊಟ್ಟ ಹಲ್ಲು ಕೂದಲೆಳೆಯಷ್ಟು ಓರೆಯಾದರೂ ಊಟ ಬಿಡುವವನು. ಕೋತಿಯ ಕೈಗೆ ಸಿಗಬಾರದೆಂದೇ ಮಾತ್ರೆಗಳನ್ನು ಸಾಧುವಿನ ಕಪಾಟಿನಲ್ಲಿಟ್ಟು ಬೀಗ ಹಾಕಿಸಿದ್ದಳು ಆ ತಾಯಿ.

“ಬೀಗ ತೆಗೆಯೋದು ನಿನಗೇನು ಕಷ್ಟನಾ?” ಎಂದು ಹಲ್ಲು ಕಡಿದಳು.

ಹಿರಿಯವನು ಮಾತ್ರೆ ಕಚ್ಚಿದ. ಕರಕರ ಎಂದಿತು. “ಇದು ಪ್ಲಾಸ್ಟರ್,” ಎಂದ.

“ನೋಡಿ, ಕಚ್ಚಿದ ತಕ್ಷಣ ಗೊತ್ತಾಯ್ತು! ದಿನಾ ಗೋಡೆ ಬಿರುಕಿಗೆ ಮೆತ್ತೋನಲ್ವಾ? ಹುಟ್ಟಿಸಿದ ಅಪ್ಪನಿಗೇ ಅದನ್ನ ತಿನ್ನಿಸಿದ್ಯಲ್ಲೋ ಪಾಪಿ!”

ಅವನು ಇನ್ನೊಂದು ಮಾತ್ರೆಯನ್ನು ಬೆಳಕಿಗೆ ಹಿಡಿದ. ಅಂಚು ನುಣ್ಣಗೆ, ನಡುವಿನ ಗೆರೆ ತೆಳ್ಳಗೆ, ನೆಟ್ಟಗೆ... ತನ್ನ ಒರಟು ಬೆರಳುಗಳನ್ನು ಒಮ್ಮೆ ನೋಡಿಕೊಂಡು, ನಿಧಾನವಾಗಿ ತಮ್ಮನ ಕಡೆ ತಿರುಗಿದ. ತಮ್ಮ ನೆಲ ನೋಡುತ್ತಿದ್ದ, ಹಣೆಯೆಲ್ಲ ಬೆವರು. ಹಿರಿಯವನು ಮಾತ್ರೆಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ.

“ನೀನಲ್ಲ ಅಂತ ಒಂದು ಮಾತು ಹೇಳೋ!”

“ಹೇಳಿದ್ರೆ ನಂಬ್ತೀಯೇನಮ್ಮಾ?”

“ಇಲ್ಲ!”

“ಮತ್ಯಾಕೆ ಕೇಳ್ತೀಯ?”

“ಹಾಗಾದ್ರೆ ಹೊರಗೆ ನಡಿ! ನಾನು ಸತ್ತರೂ ಈ ಹೊಸ್ತಿಲು ತುಳೀಬೇಡ!”

ಅವನು ಹಗ್ಗದ ಚೀಲ ಹೆಗಲಿಗೇರಿಸಿದ. ಬಾಗಿಲು ದಾಟುವಷ್ಟರಲ್ಲಿ ತಮ್ಮ ಓಡಿಬಂದು ಅವನ ತೋಳಿಗೆ ಜೋತುಬಿದ್ದ.

“ಹೋಗ್ಬೇಡ ಅಣ್ಣಾ... ನಾನಮ್ಮಾ! ಹಲ್ಲಿನ ಅಚ್ಚು ತೆಗೆಯೋ ಪ್ಲಾಸ್ಟರಲ್ಲಿ ನಾನೇ ಮಾಡ್ದೆ...”

ತಾಯಿ ಅದನ್ನೂ ನಂಬಲಿಲ್ಲ! “ಅಣ್ಣನ್ನ ಉಳಿಸೋಕೆ ಸುಳ್ಳು ಹೇಳ್ತಿದ್ಯಾ ನನ್ನ ಚಿನ್ನ? ಇವನು ಹೆದರಿಸಿದ್ನಾ?”

“ಇಲ್ಲಮ್ಮಾ! ತಲೆನೋವು ಅಂತ ಒಂದು ನುಂಗಿದ್ದೆ ಅಷ್ಟೇ. ಎದೆಯೊಳಗಿನ ದಿಗಿಲು ಮೊದಲ ಸಲ ಸುಮ್ಮನಾಯ್ತು! ಏನು ತಪ್ಪಾಗತ್ತೋ, ಯಾರು ಏನಂತಾರೋ ಅನ್ನೋ ದಿಗಿಲು... ಚಿಕ್ಕಂದಿನಿಂದ ಇದೆ. ನೀನು ಅದನ್ನ ಒಳ್ಳೇತನ ಅಂದ್ಕೊಂಡೆ. ಅಪ್ಪ ನರಳೋದು ಕೇಳಿಸ್ತಿತ್ತಮ್ಮಾ... ಆದ್ರೂ ಬಿಡೋಕಾಗ್ಲಿಲ್ಲ! ಅಣ್ಣನೂ ಹೋದ್ರೆ ನನ್ನ ತಡೆಯೋರು ಯಾರು? ನೀನಂತೂ ನನ್ನ ಕಡೆ ಅನುಮಾನದಿಂದ ನೋಡೋದೇ ಇಲ್ಲ!”

ತಾಯಿ ಡಬ್ಬಿಯ ಮಾತ್ರೆಗಳನ್ನು ಅಂಗೈಗೆ ಸುರಿದು ಆ ನೆಟ್ಟನೆಯ ಗೆರೆಗಳನ್ನೇ ನೋಡಿದಳು. ಹಿರಿಯವನು ತಮ್ಮನ ತಲೆ ನೇವರಿಸಿದ.

“ನಾನೂ ಒಂದ್ಸಲ ಸೇದಿದ್ದೆ ಕಣೋ. ಏನಿದೆ ಅಂತ ನೋಡೋ ಚಪಲ. ನೋಡಿದ್ದಾಯ್ತು, ಬಿಟ್ಟೆ. ನಿನ್ನನ್ನ ಅದು ಬಿಡ್ತಿಲ್ಲ. ನಡಿ, ಡಾಕ್ಟರ ಹತ್ರ ಹೋಗೋಣ. ಅಪ್ಪನಿಗೂ ಮಾತ್ರೆ ಬರೆಸ್ಕೊಂಡು ಬರ್ಬೇಕು.”

“ಊಟದ ಹೊತ್ತಿಗೆ ಬರ್ತೀರಿ ತಾನೇ?” ತಾಯಿ ಬಾಗಿಲವರೆಗೂ ಬಂದಳು.

“ಇವನನ್ನ ತಂದು ಬಿಡ್ತೀನಿ.”

“ನೀನು...?”

ಹಿರಿಯವನು ಹೆಗಲ ಮೇಲಿನ ಹಗ್ಗದ ಚೀಲವನ್ನು ಬಿಗಿ ಮಾಡಿಕೊಂಡ. ತಮ್ಮನನ್ನು ಬೈಕಿನ ಹಿಂದೆ ಕೂರಿಸಿ, ಅವನ ಕೈಗಳನ್ನು ತನ್ನ ಸೊಂಟಕ್ಕೆ ಸುತ್ತಿಕೊಂಡು ಹೊರಟುಬಿಟ್ಟ. ಸದ್ದು ಬೀದಿಯ ತಿರುವಿನಲ್ಲಿ ಅಡಗಿದ ಮೇಲೆ ತಾಯಿ ಒಳಗೆ ಹೋಗಿ ಗಂಡನ ಪಕ್ಕ ಕೂತಳು.

“ಸಿಕ್ಕಿದ್ನಾ ಕಳ್ಳ?” ಯಜಮಾನರು ನೋವಿನ ನಡುವೆಯೇ ಕೇಳಿದರು.

“ಸಿಕ್ಕಿದ ರೀ...” ಅವಳು ಬಿಕ್ಕಿದಳು. “ಆದ್ರೆ ನಾನು ಹೊರಗೆ ಹಾಕಿದ್ದು ಅವನನ್ನಲ್ಲ!”